ಬೆಂಗಳೂರು ಇಲ್ಲೇ ಪಕ್ಕದಲ್ಲೇ ಇದೆಯಲ್ಲ!

ನಮ್ಮ ಜಿಲ್ಲೆಗೊಂದು ಕಾಯಿಲೆಯಿದೆ. ಅದರ ಹೆಸರು ಬೆಂಗಳೂರು.

ಏನಾದರೂ ಕೇಳಿ ನೋಡಿ, ಮೇಜಿನ ಆ ಬದಿಯಿಂದ ಬರುವ ಮಾತು ಒಂದೇ. ರಾತ್ರಿ ಹೊತ್ತು ಮಕ್ಕಳ ಡಾಕ್ಟರು ಇರುವುದಿಲ್ಲವಲ್ಲ ಸಾರ್? ಬೆಂಗಳೂರು ಇಲ್ಲೇ ಪಕ್ಕದಲ್ಲೇ ಇದೆಯಲ್ಲ. ಹಸುಗೂಸಿಗೆ ಉಸಿರು ಕಟ್ಟಿದರೆ ಇಟ್ಟುಕೊಳ್ಳುವ ಜಾಗವೇ ಇಲ್ಲವಲ್ಲ? ಬೆಂಗಳೂರು ಇಲ್ಲೇ ಪಕ್ಕದಲ್ಲೇ ಇದೆಯಲ್ಲ. ಹೇಳುವವರ ಮುಖದಲ್ಲಿ ಎಂಥ ಸಮಾಧಾನ! ಬೆಂಗಳೂರನ್ನು ಅವರೇ ಹೊತ್ತು ತಂದು ನಮ್ಮ ಪಕ್ಕ ಇಳಿಸಿದ ಹಾಗೆ.

ಪಕ್ಕ ಎಂದರೆ ಎಷ್ಟು ಪಕ್ಕ? ಹೊಸಕೋಟೆ, ನೆಲಮಂಗಲದಿಂದ 25-30 ಕಿ.ಮೀ. ದೇವನಹಳ್ಳಿ, ದೊಡ್ಡಬಳ್ಳಾಪುರದಿಂದ 40ರ ಆಸುಪಾಸು. ನಕ್ಷೆಯ ಮೇಲೆ ಅರ್ಧ ಬೆರಳು. ಸೈರನ್ ಹಾಕಿಕೊಂಡು ಬರುವ ಸಾಹೇಬರಿಗೆ ಒಂದು ಫೋನ್ ಕರೆ ಮುಗಿಸುವಷ್ಟು ದೂರ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಸಂಜೆ ಆರಕ್ಕೆ ಹೊರಟವರಿಗೆ ಎಷ್ಟು ದೂರ, ಅದನ್ನು ಅವರನ್ನೇ ಕೇಳಿ. ದೊಡ್ಡಬಳ್ಳಾಪುರ, ದೇವನಹಳ್ಳಿಯವರಿಗೆ ಹೆಬ್ಬಾಳ. ಹೊಸಕೋಟೆಯವರಿಗೆ ಟಿನ್ ಫ್ಯಾಕ್ಟರಿ. ನೆಲಮಂಗಲದವರಿಗೆ ಗೊರಗುಂಟೆಪಾಳ್ಯ. ಸತ್ತವರು ದಾಟುವ ವೈತರಣಿಯನ್ನು ನಮಗೆ ಬದುಕಿರುವಾಗಲೇ ಹಂಚಿಬಿಟ್ಟಿದ್ದಾರೆ. ತಾಲ್ಲೂಕು ತಾಲ್ಲೂಕಿನ ನಡುವೆ ತಾರತಮ್ಯವಿಲ್ಲದೆ ಹಂಚಿಕೆಯಾದದ್ದು ಇದೊಂದೇ.

ಈ ಪಕ್ಕದ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆ ಹುಟ್ಟಿತು. ಜಿಲ್ಲೆ ಇಲ್ಲಿ, ಜಿಲ್ಲಾಧಿಕಾರಿ ಅಲ್ಲಿ. ಬೆಂಗಳೂರಿನ ವಿಶ್ವೇಶ್ವರಯ್ಯ ಗೋಪುರದ ಪೋಡಿಯಂ ಬ್ಲಾಕಿನಲ್ಲಿ ಕೂತು ಮೂರು ದಶಕ ನಮ್ಮನ್ನು ಆಳಿದರು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿ ಜಿಲ್ಲಾಡಳಿತ ಭವನ ಎದ್ದು ಕಚೇರಿ ಅಲ್ಲಿಗೆ ಬಂದದ್ದು 2018ರಲ್ಲಿ. ಕಲೆಕ್ಟರ್ ಸಾಹೇಬರೇ ತಮ್ಮ ಜಿಲ್ಲೆಗೆ ಬಂದು ಸೇರಲು 32 ವರ್ಷ ತೆಗೆದುಕೊಂಡ ಮೇಲೆ, ಡ್ಯೂಟಿಗೆ ಅರ್ಧ ಗಂಟೆ ತಡವಾಗಿ ಬರುವ ಡಾಕ್ಟರನ್ನು ಬೈಯಲು ನನಗೆ ನಾಲಿಗೆ ಬರುವುದಿಲ್ಲ.

2025ರ ಜುಲೈ 2ರಂದು ಸಚಿವ ಸಂಪುಟ ನಂದಿ ಬೆಟ್ಟ ಹತ್ತಿತು. ಇಳಿಯುವಾಗ ನಮಗೊಂದು ಉಡುಗೊರೆ ತಂದಿತು. ಇನ್ನು ಮೇಲೆ ನೀವು ಗ್ರಾಮಾಂತರ ಅಲ್ಲ, ಬೆಂಗಳೂರು ಉತ್ತರ! ಒಂದೂವರೆ ತಿಂಗಳ ಹಿಂದಷ್ಟೇ ರಾಮನಗರ ಬೆಂಗಳೂರು ದಕ್ಷಿಣವಾಗಿತ್ತು. ನಮಗೆ ಉಳಿದಿದ್ದ ದಿಕ್ಕು ಸಿಕ್ಕಿತು. 39 ವರ್ಷದಿಂದ ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಒಂದೇ ಏಟಿಗೆ ಉತ್ತರ ಕೊಟ್ಟ ಸರ್ಕಾರ ಇನ್ನೊಂದಿಲ್ಲ. ರಿಯಲ್ ಎಸ್ಟೇಟಿನವರು ಅವತ್ತೇ ಬೋರ್ಡು ಬದಲಿಸಿದರು. ಅವರ ಚುರುಕು ಮೆಚ್ಚಬೇಕು. ಸೈಟಿನ ರೇಟು ಏರಿದಷ್ಟು ಬೇಗ ಜ್ವರ ಇಳಿಯುವಂತಿದ್ದರೆ ಆಸ್ಪತ್ರೆಯೇ ಬೇಕಿರಲಿಲ್ಲ.

ಇನ್ನೊಂದು ತಮಾಷೆಯಿದೆ. ನಾವು ಬಡವರಲ್ಲವಂತೆ.

ತಲಾ ಆದಾಯದ ಪಟ್ಟಿ ತೆಗೆಯಿರಿ, ಬೆಂಗಳೂರು ಗ್ರಾಮಾಂತರ ಮೇಲಿನ ಸಾಲಿನಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತದೆ. ವಿಮಾನ ನಿಲ್ದಾಣ ನಮ್ಮಲ್ಲಿದೆ. ಹೊಸಕೋಟೆಯಲ್ಲಿ ವೋಲ್ವೊ ಇದೆ. ದಾಬಸ್‌ಪೇಟೆ, ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶಗಳಿವೆ. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಬಂದಿದೆ. ಇವರೆಲ್ಲರ ಸಂಪಾದನೆಯನ್ನೂ, ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮುಂದೆ ರಾತ್ರಿ ಪಾಳಿ ನಿಲ್ಲುವವನ ಕೂಲಿಯನ್ನೂ ಒಂದೇ ಹಂಡೆಗೆ ಸುರಿದು, ಕಲಸಿ, ತಲೆಗಿಷ್ಟು ಎಂದು ಭಾಗ ಮಾಡಿದರೆ ನಮ್ಮ ಮಗ್ಗದವನೂ ಲಕ್ಷಾಧೀಶ. ಹಿಂದುಳಿದ ಜಿಲ್ಲೆಗೆ ಕೊಡುವ ಹಣಕ್ಕೆ ನಾವು ಶ್ರೀಮಂತರು. ಶ್ರೀಮಂತರಿಗೆ ಸಿಗುವ ಡಾಕ್ಟರಿಗೆ ನಾವು ಬಡವರು. ಗಾರ್ಮೆಂಟ್ಸ್ ಬಸ್ಸಿನಲ್ಲಿ ನಿಂತೇ ಹೋಗುವ ಬಸುರಿಗೆ ಈ ತಲಾ ಆದಾಯವನ್ನು ಯಾರಾದರೂ ಒಮ್ಮೆ ತೋರಿಸಬೇಕು. ಪಾಪ, ಅವಳೂ ನೋಡಿ ಖುಷಿಪಡಲಿ.

ಜಾಗ ಸಿಗುವುದಿಲ್ಲ ಎಂಬ ಮಾತು ಕೂಡ ಆಗಾಗ ಕಿವಿಗೆ ಬೀಳುತ್ತದೆ. ಆಸ್ಪತ್ರೆಗೆ ಜಾಗ! ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಗುರುತು ಹಾಕಲು ಸರ್ಕಾರಕ್ಕೆ ಕಣ್ಣು ಚೆನ್ನಾಗಿಯೇ ಕಂಡಿತ್ತು. ದ್ರಾಕ್ಷಿ, ರೇಷ್ಮೆ, ರಾಗಿ ಬೆಳೆಯುವ ನೆಲ. ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತ ಮೇಲೆ, 2025ರ ಜುಲೈ 15ರಂದು, ಆಯಿತಪ್ಪ ಬಿಟ್ಟೆವು ಎಂದರು. ಸಾವಿರ ಸಾವಿರ ಎಕರೆಯನ್ನು ಸರ್ವೆ ನಂಬರ್ ಸಮೇತ ಬಾಯಿಪಾಠ ಹೇಳುವವರಿಗೆ ಮಕ್ಕಳ ವಾರ್ಡಿಗೆ ನಾಲ್ಕು ಎಕರೆ ಎಂದ ಕೂಡಲೇ ಮರೆವು.

ಜಿಲ್ಲಾಸ್ಪತ್ರೆಯ ಕತೆಯಂತೂ ಕೇಳಲೇಬೇಡಿ. ಅದು ನಮಗೇ ಬೇಕು ಎಂದು ದೊಡ್ಡಬಳ್ಳಾಪುರ. ನಮ್ಮಲ್ಲೇ ಆಗಬೇಕು ಎಂದು ದೇವನಹಳ್ಳಿ. ಒಂದು ಮಗುವಿಗಾಗಿ ಇಬ್ಬರು ತಾಯಂದಿರು ಎಳೆದಾಡಿದ ಹಳೆಯ ಕತೆ ಗೊತ್ತಲ್ಲ? ಇಲ್ಲೂ ಅದೇ ಎಳೆದಾಟ, ಮಗು ಮಾತ್ರ ಇನ್ನೂ ಹುಟ್ಟಿಲ್ಲ. ಈ ನಡುವೆ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಮೂರೂ ತಾಲ್ಲೂಕಿನಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳು ಎದ್ದು ನಿಂತಿವೆ. ಖಾಸಗಿಯವರಿಗೆ ಸಿಕ್ಕ ಜಾಗ, ಸಿಕ್ಕ ಡಾಕ್ಟರು, ಸಿಕ್ಕ ನೀರು, ಕರೆಂಟು ಸರ್ಕಾರಕ್ಕೆ ಸಿಗುವುದಿಲ್ಲ. ಇದೆಂಥ ವಾಸ್ತುದೋಷವೋ!

ಈಗ ನೂರೆಂಟರ ವಿಷಯಕ್ಕೆ ಬರೋಣ.

108 ಆಂಬ್ಯುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ. ಅದೇ ವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವೂ ಶುರುವಾಗಿತ್ತು. ಇಬ್ಬರೂ ಒಂದೇ ವಯಸ್ಸಿನವರು. ಒಬ್ಬ ಹೇಗೆ ಬೆಳೆದ, ಇನ್ನೊಬ್ಬ ಹೇಗೆ ಸೊರಗಿದ ನೋಡಿ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷವೆಂದು 108ರ ಫೋನೇ ರಾಜ್ಯಕ್ಕೆಲ್ಲ ಕೈಕೊಟ್ಟಿತು. ಸರಿಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ನವೆಂಬರ್ 11ರಂದು ಪ್ರಧಾನಿ ಬಂದರು. ವಿಮಾನ ನಿಲ್ದಾಣದ ಅಂಗಳದಲ್ಲಿ ಕೆಂಪೇಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು. ಎತ್ತರ ಎಷ್ಟು? 108 ಅಡಿ! ಖರ್ಚು ಸುಮಾರು 84 ಕೋಟಿ. ಅವತ್ತೇ ಸುಮಾರು 5,000 ಕೋಟಿಯ ಎರಡನೇ ಟರ್ಮಿನಲ್ಲೂ ಉದ್ಘಾಟನೆಯಾಯಿತು. ಉದ್ಯಾನದೊಳಗಿನ ಟರ್ಮಿನಲ್ ಅಂತೆ. ಒಳಗೆ ಗಿಡಬಳ್ಳಿಗಳು ನೇತಾಡುತ್ತವೆ, ಅವುಗಳಿಗೆ ಬೇಕಾದ ಹವೆ, ಬೇಕಾದ ತೇವ, ಬೇಕಾದ ಬೆಳಕು ಎಲ್ಲವೂ ಉಂಟು. ಮುಂದಿನ ಜನ್ಮದಲ್ಲಿ ಆ ಟರ್ಮಿನಲ್ಲಿನ ಬಳ್ಳಿಯಾಗಿ ಹುಟ್ಟಬೇಕು. ದಿನ ತುಂಬದೆ ಹುಟ್ಟಿದ ದೇವನಹಳ್ಳಿ ತಾಲ್ಲೂಕಿನ ಕೂಸಿಗೂ ಬೇಕಾದದ್ದು ಅಷ್ಟೇ ಅಲ್ಲವೆ? ಒಂದಿಷ್ಟು ಹದವಾದ ಬಿಸಿ, ಒಂದಿಷ್ಟು ಗಾಳಿ.

ಕೆಂಪೇಗೌಡರ ಮೇಲೆ ನನ್ನದೇನೂ ತಕರಾರಿಲ್ಲ. ಅವರ ಪೂರ್ವಿಕರು ನಮ್ಮ ಆವತಿಯವರೇ. ಅವರು ಕೆರೆ ಕಟ್ಟಿಸಿದರು, ಪೇಟೆ ಕಟ್ಟಿಸಿದರು, ಕೋಟೆ ಕಟ್ಟಿಸಿದರು. ತಮ್ಮದೊಂದು ಪ್ರತಿಮೆ ಕಟ್ಟಿಸಿಕೊಳ್ಳಲು ಅವರಿಗೆ ಪುರಸೊತ್ತಾಗಲಿಲ್ಲ. ಆ ಕೊರತೆಯನ್ನು ನಮ್ಮವರು ನೀಗಿಸಿದ್ದಾರೆ.

ಮೂರನೇ ಅಲೆ ನೆನಪಿದೆಯೆ?

2021ರಲ್ಲಿ ಒಮ್ಮೆ ದೇಶಕ್ಕೆಲ್ಲ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಮುಂದಿನ ಕೊರೊನಾ ಮಕ್ಕಳಿಗೇ ಬರುತ್ತದಂತೆ ಎಂದು ಟಿವಿಯವರು ದಿನಾ ಹೆದರಿಸಿದರು. ನಮ್ಮ ರಾಜ್ಯದಲ್ಲಿ ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ಆಯಿತು. ಕೇಂದ್ರ ಜುಲೈನಲ್ಲಿ 23,123 ಕೋಟಿಯ ಪ್ಯಾಕೇಜು ಘೋಷಿಸಿತು. 736 ಜಿಲ್ಲೆಗಳಲ್ಲೂ ಮಕ್ಕಳ ಘಟಕ ಆಗಬೇಕೆಂದಿತು. ಗಮನಿಸಿ, ಜಿಲ್ಲೆಗೊಂದು ಮಕ್ಕಳ ಘಟಕ ಬೇಕು ಎಂದು ಹೊಳೆಯಲು ಸ್ವತಂತ್ರ ಭಾರತಕ್ಕೆ 74 ವರ್ಷ ಮತ್ತು ಒಂದು ವೈರಸ್ ಬೇಕಾಯಿತು. ನ್ಯುಮೋನಿಯಾ, ಕಾಮಾಲೆ, ಭೇದಿಗಳಿಂದ ಅಷ್ಟು ವರ್ಷ ಸತ್ತ ಕೂಸುಗಳಿಗೆ ಟಿವಿಯಲ್ಲಿ ಕೌಂಟರ್ ಇರಲಿಲ್ಲ.

ಮೂರನೇ ಅಲೆ ಬಂತು. ಮಕ್ಕಳನ್ನು ಹೆಚ್ಚು ಕಾಡದೆ ಹೋಯಿತು. ಹೋಗುವಾಗ ಮಕ್ಕಳ ಮೇಲಿನ ಪ್ರೀತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಅಂಥದೊಂದು ಘಟಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ತಾಲ್ಲೂಕಿನವರು ನಮ್ಮದು ಚೆನ್ನಾಗಿದೆ ಎಂದುಕೊಂಡಾರು.

ನಮ್ಮ ಬೀದಿಯ ಹುಡುಗಿ, ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು, ಎಂಟು ತಿಂಗಳಿಗೇ ಹೆತ್ತಳು. ಹೆಣ್ಣುಕೂಸು. ಒಂದು ಕಿಲೋ ಎಂಟುನೂರು ಗ್ರಾಂ. ಅವಳ ಗಂಡ ಊರಲ್ಲಿರಲಿಲ್ಲ, ಲಾರಿಯ ಮೇಲೆ ಹುಬ್ಬಳ್ಳಿ ಕಡೆ ಹೋಗಿದ್ದ. ಅತ್ತೆ ಓಡಿ ಬಂದು ನನ್ನನ್ನು ಕರೆದಳು. “ಮಗಾ ನರಳ್ತೈತೆ ಕಣಣ್ಣಾ, ಎದೆ ಒಳಕ್ಕೆ ಎಳ್ಕಂತೈತೆ, ಬಾ.” ಹೋದೆ. ಪ್ರತಿ ಉಸಿರಿಗೂ ಆ ಅಂಗೈಯಗಲದ ಎದೆಗೂಡಿನ ಕೆಳಗೆ ಒಂದು ಗುಳಿ ಬಿದ್ದು ಏಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಬೆರಳ ತುದಿ ನೀಲಿ.

ನರ್ಸಮ್ಮ ಒಳ್ಳೆಯವಳು. ಒಬ್ಬಳೇ. ಹೆರಿಗೆ ಕೋಣೆ, ಬಾಣಂತಿಯರ ವಾರ್ಡು, ಮಕ್ಕಳ ಘಟಕ ಮೂರಕ್ಕೂ ಅವಳೇ. ಒಂದು ಕಡೆ ಇನ್ನೊಬ್ಬಳು ಹೆರುತ್ತಿದ್ದಳು. ಮಕ್ಕಳ ಡಾಕ್ಟರು? ಬೆಳಿಗ್ಗೆ ಡ್ಯೂಟಿ ಮುಗಿಸಿ ಹೋಗಿದ್ದಾರೆ. ಅದು ಅವರ ತಪ್ಪಲ್ಲ. ಅದರ ಲೆಕ್ಕ ಆಮೇಲೆ ಹೇಳುತ್ತೇನೆ.

ಘಟಕದ ಬಾಗಿಲು ತೆಗೆದಳು. ಗೋಡೆ ತುಂಬ ಛೋಟಾ ಭೀಮ್. ಚುಟ್ಕಿ. ಒಂದು ಆನೆ, ಅದರ ಸೊಂಡಿಲಲ್ಲಿ ಬಲೂನು. ದಿನ ತುಂಬದ ಕೂಸಿಗೆ ಕಣ್ಣು ತೆರೆದು ಛೋಟಾ ಭೀಮ್ ನೋಡುವ ಹಟ ಇರುತ್ತದೆ ಎಂದು ಯಾವ ತಜ್ಞರು ಹೇಳಿದರೋ. ಕೆಳಗೆ ಸಾಲಾಗಿ ನಾಲ್ಕು ವಾರ್ಮರ್. ಕೂಸನ್ನು ಬೆಚ್ಚಗಿಡುವ ಯಂತ್ರ. ನಾಲ್ಕರಲ್ಲಿ ಮೂರರ ಮೇಲೆ ಕಂಪನಿಯಿಂದ ಬಂದಾಗಿನ ಪ್ಲಾಸ್ಟಿಕ್ ಹಾಗೇ ಇತ್ತು. ಅದರ ಮೇಲೆ ಧೂಳು. ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ಬರೆದ ಹೆಸರು. ನಾಲ್ಕನೆಯದರ ಹಾಸಿಗೆಯ ಮೇಲೆ ಲಸಿಕೆ ರಿಜಿಸ್ಟರುಗಳು. ಪ್ಲಾಸ್ಟಿಕ್ ಯಾಕಮ್ಮ ತೆಗೆದಿಲ್ಲ ಎಂದರೆ, “ಹ್ಯಾಂಡೋವರ್ ಆಗಿಲ್ಲ ಸಾರ್” ಎಂದಳು. ಉಸಿರಾಟಕ್ಕೆ ಗಾಳಿ ಒತ್ತಿಕೊಡುವ ಸಣ್ಣ ಯಂತ್ರವೂ ಒಂದಿತ್ತಂತೆ. ಅದು ಬೀರುವಿನಲ್ಲಿ. ಬೀರುವಿನ ಕೀ ಸ್ಟೋರಿನವರ ಹತ್ತಿರ. ಸ್ಟೋರಿನವರು ಟ್ರೇನಿಂಗಿನಲ್ಲಿ. ಯಾವುದರ ಟ್ರೇನಿಂಗು ಎಂದು ಕೇಳುವಷ್ಟು ಸಮಯ ನನಗಿರಲಿಲ್ಲ.

ಕೋಣೆಯಲ್ಲಿ ಹೊಳೆಯುತ್ತಿದ್ದದ್ದು ಒಂದೇ. ಬಾಗಿಲ ಪಕ್ಕದ ಗ್ರಾನೈಟ್ ಫಲಕ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು. ಎಣಿಸಿದೆ. ಹದಿನೇಳು ಹೆಸರು. ನಾಲ್ಕು ವಾರ್ಮರಿಗೆ ಹದಿನೇಳು ಜನ! ಒಬ್ಬೊಬ್ಬರು ಬಂದು ಪಾಳಿಯ ಮೇಲೆ ಕೈಯಲ್ಲಿ ಉಸಿರಿನ ಬಲೂನು ಒತ್ತಿದ್ದರೂ ಸಾಕಿತ್ತು.

ಬರೆದುಕೊಟ್ಟರು. ನಮ್ಮ ಕಡೆ ಇದೊಂದು ಮಾತು. ಬೆಂಗಳೂರಿಗೆ ಬರೆದುಕೊಟ್ಟರು. ವಾಣಿವಿಲಾಸ ಆಸ್ಪತ್ರೆಗೆ ಬರೆದುಕೊಟ್ಟರು. ಚೀಟಿಯ ಮೇಲೆ ಹೈಯರ್ ಸೆಂಟರ್ ಎಂದಿರುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಂದೂ ಸ್ಟಾಕ್ ಮುಗಿಯದ ಔಷಧ ಅದೊಂದೇ, ರೆಫರಲ್ ಚೀಟಿ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ ಉಚಿತ, ಔಷಧ ಉಚಿತ, ಗಾಡಿ ಉಚಿತ. ಆ ಪೋಸ್ಟರ್ ಗೋಡೆಯ ಮೇಲೆ ಇತ್ತು. ಗಾಡಿ ಇನ್ನೊಂದು ಕೇಸಿಗೆ ಹೋಗಿತ್ತು. ಕೊನೆಗೆ ತರಕಾರಿ ಹೊಡೆಯುವ ಓಮ್ನಿಯಲ್ಲಿ ಹೊರಟೆವು. ಕೊತ್ತಂಬರಿ ವಾಸನೆ. ನರ್ಸಮ್ಮ ಓಡಿ ಬಂದು ಕೂಸಿನ ಬಟ್ಟೆ ಬಿಚ್ಚಿ, ಟೋಪಿ ಹಾಕಿ, ಅಜ್ಜಿಯ ರವಿಕೆಯೊಳಗೆ ಎದೆಗೆ ಎದೆ ತಾಗುವಂತೆ ಇಟ್ಟು, ಮೇಲೆ ಸೀರೆ ಸುತ್ತಿದಳು. “ತಲೆ ಬಗ್ಗಿಸಬೇಡಮ್ಮಾ, ಮೂಗು ಮುಚ್ಚದ ಹಾಗೆ ನೋಡ್ಕೋ.” ಆ ಇಡೀ ಸಂಜೆ ಆ ಕೂಸಿಗೆ ಸಿಕ್ಕ ವೈದ್ಯಕೀಯ ಚಿಕಿತ್ಸೆ ಅಷ್ಟೇ. ಪುಣ್ಯಕ್ಕೆ ಅದು ಸರಿಯಾದ ಚಿಕಿತ್ಸೆಯೂ ಆಗಿತ್ತು.

ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಡಾಕ್ಟರುಗಳು ಶುರುಮಾಡಿದ್ದು. ದಿನ ತುಂಬದ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಬಿಡುವುದು. ಬಿಸಿಗೆ ಬಿಸಿ, ಹಾಲಿಗೆ ಹಾಲು, ಸೋಂಕೂ ಕಡಿಮೆ. ಜಗತ್ತೆಲ್ಲ ಒಪ್ಪಿದೆ. ಟೆಂಡರ್ ಬೇಡ, ಅನುದಾನ ಬೇಡ, ವಿದ್ಯುತ್ ಬೇಡ. ಟೆಂಡರ್ ಬೇಡದ ಚಿಕಿತ್ಸೆಗೆ ನಮ್ಮಲ್ಲಿ ಉದ್ಘಾಟನೆ ಮಾಡುವುದು ಹೇಗೆ? ರಿಬ್ಬನ್ ಎಲ್ಲಿಗೆ ಕಟ್ಟುತ್ತೀರಿ?

ಮೇಲ್ಸೇತುವೆಯ ಹತ್ತಿರ ಐವತ್ತು ನಿಮಿಷ ನಿಂತೆವು. ಯಾವ ಮೇಲ್ಸೇತುವೆ ಎಂದು ಹೇಳಿದರೆ ತಾಲ್ಲೂಕು ಗೊತ್ತಾಗುತ್ತದೆ, ಬೇಡ. ಅಜ್ಜಿ ನಿಮಿಷಕ್ಕೊಮ್ಮೆ ಸೆರಗು ಸರಿಸಿ ಒಳಗೆ ಇಣುಕುತ್ತಿದ್ದಳು. ನಾನು ಕೇಳುವ ಧೈರ್ಯ ಮಾಡಲಿಲ್ಲ.

ನಗರದ ಆಸ್ಪತ್ರೆ ಮುಟ್ಟಿದಾಗ ಹೊರಟು ಎರಡೂವರೆ ಗಂಟೆ ಆಗಿತ್ತು. ಕೌಂಟರಿನಲ್ಲಿ ಜನವೋ ಜನ. ಎಲ್ಲಿಂದ ಬಂದಿರಿ ಎಂದರು. ಬೆಂಗಳೂರು ಗ್ರಾಮಾಂತರ ಎಂದೆ. “ಓ, ಲೋಕಲ್ಲಾ? ಇವರು ರಾಯಚೂರಿಂದ ಬಂದವರೆ, ಅವರು ಅನಂತಪುರದವರು. ನೀವು ಇಲ್ಲೇ ಪಕ್ಕದವರಲ್ವಾ, ಒಂದು ನಿಮಿಷ ತಡೀರಿ.”

ಕೊಡಬೇಕಾದಾಗಲೂ ನಾವು ಪಕ್ಕದವರು. ಕಾಯಿಸಬೇಕಾದಾಗಲೂ ನಾವು ಪಕ್ಕದವರು. ಪುಣ್ಯಾತ್ಮಳೊಬ್ಬಳು ಕಿರಿಯ ಡಾಕ್ಟರು ಅಜ್ಜಿಯ ರವಿಕೆಯೊಳಗಿನ ಸದ್ದು ಕೇಳಿಸಿಕೊಂಡು ಕೌಂಟರನ್ನೇ ದಾಟಿ ಬಂದು ಕೂಸನ್ನು ಎತ್ತಿಕೊಂಡು ಓಡಿದಳು. ಒಂದೊಂದು ವಾರ್ಮರಿನಲ್ಲಿ ಇಬ್ಬಿಬ್ಬರು ಮಲಗಿದ್ದರು. ನಮ್ಮ ಹುಡುಗಿ ಮೂರನೆಯವಳಾಗಿ ಸೇರಿದಳು. ಅಲ್ಲಿ ಒಂದಕ್ಕೆ ಮೂವರು. ಇಲ್ಲಿ ನಾಲ್ಕಕ್ಕೆ ಪ್ಲಾಸ್ಟಿಕ್ಕು ಮತ್ತು ರಿಜಿಸ್ಟರು.

ಈಗ ಆ ಲೆಕ್ಕ. ವಾರಕ್ಕೆ 168 ಗಂಟೆ. ಒಬ್ಬ ಮಕ್ಕಳ ಡಾಕ್ಟರು ವಾರಕ್ಕೆ 48 ಗಂಟೆ ದುಡಿಯುತ್ತಾರೆ ಎಂದುಕೊಳ್ಳಿ. ಉಳಿದದ್ದು 120 ಗಂಟೆ. ಆ 120 ಗಂಟೆಗಳಲ್ಲಿ ತಾಲ್ಲೂಕಿನ ಯಾವ ಕೂಸೂ ಕಾಯಿಲೆ ಬೀಳಕೂಡದು. ಸರ್ಕಾರದ ಯೋಜನೆ ನಿಂತಿರುವುದು ಈ ನಂಬಿಕೆಯ ಮೇಲೆ. ಆ ಒಬ್ಬರೂ ಶಿಬಿರಕ್ಕೆ, ಶಾಲಾ ತಪಾಸಣೆಗೆ, ಮೀಟಿಂಗಿಗೆ, ಕೋರ್ಟಿಗೆ ಹೋಗಬಾರದು. ಅವರಿಗೂ ಜ್ವರ ಬರಬಾರದು. ಅವರ ಮಗಳ ಮದುವೆಯೂ ಆಗಬಾರದು. ನರ್ಸುಗಳದೂ ಇದೇ ಪಾಡು. ಮೂರು ಪಾಳಿ, ವಾರದ ರಜೆ ಎಲ್ಲ ಸೇರಿಸಿದರೆ ಒಂದು ಕುರ್ಚಿಯಲ್ಲಿ ಸದಾ ಒಬ್ಬರು ಇರಬೇಕಾದರೂ ನಾಲ್ಕೈದು ಜನ ಬೇಕು. ಇದು ಗಣಿತದ ಮೇಧಾವಿಗಳಿಗೆ ಮಾತ್ರ ತಿಳಿಯುವ ವಿಷಯವಲ್ಲ. ಪೆಟ್ರೋಲ್ ಬಂಕಿನ ಮಾಲೀಕನಿಗೆ ಗೊತ್ತು.

ಆದರೆ ಕಟ್ಟಡಕ್ಕೆ ಹಣ ಬಿಡುಗಡೆಯಾದ ಹಾಗೆ ಹುದ್ದೆಗೆ ಆಗುವುದಿಲ್ಲ. ಕಟ್ಟಡವೆಂದರೆ ಸಿಮೆಂಟು, ಕಬ್ಬಿಣ, ಗುತ್ತಿಗೆದಾರ, ಗುದ್ದಲಿ ಪೂಜೆ, ಜೆಸಿಬಿ ಮೇಲಿಂದ ಸುರಿಯುವ ಹೂವು. ನರ್ಸ್ ಎಂದರೆ ಬರೀ ಸಂಬಳ. ಅದೂ ಪ್ರತಿ ತಿಂಗಳು! ಅದರಲ್ಲಿ ಯಾರಿಗೆ ಏನು ಗಿಟ್ಟುತ್ತದೆ? ಅದಕ್ಕೇ ವರ್ಷಾನುಗಟ್ಟಲೆ ಗುತ್ತಿಗೆಯ ಮೇಲೆ ಇಟ್ಟುಕೊಂಡು, ಕೊರೊನಾ ಬಂದಾಗ ಚಪ್ಪಾಳೆ ತಟ್ಟಿ, ಕಾಯಂ ಮಾಡಿ ಎಂದು ಅವರು 2023ರಲ್ಲಿ ಬೀದಿಗೆ ಬಂದಾಗ ಪರಿಶೀಲಿಸುತ್ತೇವೆ ಎಂದರು. ಪರಿಶೀಲನೆ ಎಂಬುದೂ ಒಂದು ಕಾಯಂ ಹುದ್ದೆ.

ಇನ್ನೊಂದು ನಿಯಮ ಓದಿ ನಗು ಬಂತು. ನವಜಾತ ಶಿಶುಗಳ ವಿಶೇಷ ಘಟಕಕ್ಕೆ 2011ರ ಕೇಂದ್ರದ ಮಾರ್ಗಸೂಚಿ ಇದೆ. ವರ್ಷಕ್ಕೆ 3,000 ಹೆರಿಗೆ ಆಗುವ ಆಸ್ಪತ್ರೆಗೆ ಕನಿಷ್ಠ 12 ಹಾಸಿಗೆಯ ಘಟಕ. ಅದಕ್ಕಿಂತ ಚಿಕ್ಕದಕ್ಕೆ ನಾಲ್ಕು ಹಾಸಿಗೆಯದು. ಕಾಗದದ ಮೇಲೆ ಸರಿಯೇ. ಆದರೆ ನಮ್ಮ ಹೆಂಗಸರು ದಡ್ಡಿಯರಲ್ಲ. ಕೂಸಿಗೆ ಏನಾದರೂ ಆದರೆ ನೋಡುವವರಿಲ್ಲ ಎಂದು ಗೊತ್ತಿರುವ ಕಡೆ ಹೆರಲು ಬರುವುದಿಲ್ಲ. ಏಳನೇ ತಿಂಗಳಿಗೇ ಬೆಂಗಳೂರಿನ ನೆಂಟರ ಮನೆ ಸೇರುತ್ತಾರೆ. ಹೆರಿಗೆ ಕಡಿಮೆ, ಆದ್ದರಿಂದ ಘಟಕ ಬೇಡ. ಘಟಕವಿಲ್ಲ, ಆದ್ದರಿಂದ ಹೆರಿಗೆ ಕಡಿಮೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಇಲಾಖೆ ಸುತ್ತೋಲೆಯ ಭಾಷೆಗೆ ತರ್ಜುಮೆ ಮಾಡಿಕೊಂಡಿದೆ.

2020ರ ಮಾದರಿ ನೋಂದಣಿ ಸಮೀಕ್ಷೆಯ ಲೆಕ್ಕದಲ್ಲಿ, ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತದ್ದು ಕೇರಳದಲ್ಲಿ 6, ನಮ್ಮಲ್ಲಿ 19. ದೇಶದ ಸರಾಸರಿ 28ಕ್ಕಿಂತ ನಾವು ಎಷ್ಟೋ ವಾಸಿ ಎಂದು ಬೆನ್ನು ತಟ್ಟಿಕೊಳ್ಳುವವರಿದ್ದಾರೆ. ತಟ್ಟಿಕೊಳ್ಳಲಿ. ಬೆನ್ನು ಅವರದೇ.

ಗಡಚಿರೋಲಿ ಎಂಬ ಊರು ಕೇಳಿದ್ದೀರಲ್ಲ? ಮಹಾರಾಷ್ಟ್ರದ ಕಾಡು ಸೀಮೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಅಲ್ಲಿಯ ಹಳ್ಳಿ ಹೆಂಗಸರಿಗೇ ಕೂಸಿನ ಉಸಿರು ಎಣಿಸುವುದು, ಬೆಚ್ಚಗಿಡುವುದು, ಸೋಂಕು ಗುರುತಿಸಿ ಔಷಧ ಕೊಡುವುದು ಕಲಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಅಚ್ಚುಹಾಕಿತು. ಗಡಚಿರೋಲಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದ್ದೇನೆ. ಅದರ ಪಕ್ಕದಲ್ಲಿ ಬೆಂಗಳೂರು ಇರಲಿಲ್ಲ. ಅದೇ ಅದರ ಅದೃಷ್ಟ.

ನಮ್ಮ ಪಕ್ಕದಲ್ಲಿ ಇರುವ ವಾಣಿವಿಲಾಸ ಆಸ್ಪತ್ರೆ 1935ರದು. ರಾಜರ ಕಾಲದ್ದು. ಮಹಾರಾಣಿಯ ಹೆಸರಿನದು. ಪ್ರಜಾಪ್ರಭುತ್ವದಲ್ಲಿ ಹುಟ್ಟಿದ ನಮ್ಮ ಜಿಲ್ಲೆಯ ಕೂಸು ಉಸಿರಿಗಾಗಿ ಇವತ್ತಿಗೂ ಅರಮನೆಯ ಕಾಲದ ಬಾಗಿಲಿಗೇ ಓಡಬೇಕು. ಇತ್ತ ಜಿಲ್ಲೆಯ ಗಡಿ ದಾಟಿದರೆ ಮುದ್ದೇನಹಳ್ಳಿ. ಅಲ್ಲಿ ಟ್ರಸ್ಟಿನವರು ನಡೆಸುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಿಲ್ ಇಲ್ಲ. 2023ರ ಮಾರ್ಚಿನಲ್ಲಿ ಅವರ ಮೆಡಿಕಲ್ ಕಾಲೇಜು ಉದ್ಘಾಟಿಸಲು ಪ್ರಧಾನಿಯೇ ಬಂದಿದ್ದರು. ಭಕ್ತರು ಕೊಡುವುದನ್ನು ನೋಡಿ ಸರ್ಕಾರ ಮನಸಾರೆ ಹೊಗಳಿತು. ತೆರಿಗೆ ಕಟ್ಟುವವರು ಕೊಡುವುದನ್ನು ನೋಡಿಯೂ ಒಮ್ಮೆ ಹೊಗಳಿದ್ದರೆ ಆಗುತ್ತಿತ್ತು.

ಮಕ್ಕಳಾಗದವರು ನಮ್ಮ ಘಾಟಿ ಸುಬ್ರಹ್ಮಣ್ಯಕ್ಕೆ ಎಲ್ಲೆಲ್ಲಿಂದಲೋ ಬರುತ್ತಾರೆ. ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಮರದಡಿ ಸಾಲು ಸಾಲು ಕಲ್ಲುಗಳು. ಮಕ್ಕಳನ್ನು ಕೊಡುವ ದೇವರು ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇದ್ದಾನೆ. ಅವನು ತನ್ನ ಪಾಲಿನ ಕೆಲಸ ಮಾಡುತ್ತಿದ್ದಾನೆ. ಹುಟ್ಟಿದ ಮೇಲಿನ ಖಾತೆ ಅವನದಲ್ಲ.

ನಮ್ಮ ಬೀದಿಯ ಕೂಸು ಬದುಕಿತು. ಹನ್ನೊಂದು ದಿನ ಅಲ್ಲಿದ್ದು ಬಂತು. ಅಜ್ಜಿ ಘಾಟಿಗೆ ಹೋಗಿ ಮುಡಿ ಕೊಟ್ಟು ಬಂದಳು. ಈಗ ಏಳು ತಿಂಗಳು, ಎರಡು ಹಲ್ಲು ಬಂದಿವೆ, ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ.

ಮೊನ್ನೆ ಅಜ್ಜಿಗೆ ಫೋನ್ ಬಂತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಸ್ಪೀಕರ್ ಹಾಕಿದಳು. ಆ ಮಕ್ಕಳ ಘಟಕಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದಾರಂತೆ. ಹೆಸರಿನಲ್ಲಿ ‘ಗ್ರಾಮಾಂತರ’ ಹೋಗಿ ‘ಉತ್ತರ’ ಬಂದಿದೆಯಂತೆ. ಆದ್ದರಿಂದ ಮತ್ತೊಮ್ಮೆ ಉದ್ಘಾಟನೆ. ವೇದಿಕೆಯ ಮೇಲೆ ಸಾಹೇಬರ ಕೈಗೆ ಕೊಡಲು ಒಂದು ಫಲಾನುಭವಿ ಮಗು ಬೇಕಂತೆ. ರಿಜಿಸ್ಟರಿನಲ್ಲಿ ಇವರ ಹೆಸರಿದೆ, ಮಗು ನೋಡಲು ಲಕ್ಷಣವಾಗಿದೆ ಎಂದು ಆಶಾ ಕಾರ್ಯಕರ್ತೆ ಹೇಳಿದಳಂತೆ, ಕರೆದುಕೊಂಡು ಬನ್ನಿ.

“ಎಷ್ಟು ಹೊತ್ತಿಗೆ ಬರಬೇಕಪ್ಪಾ?” ಅಜ್ಜಿ ಕೇಳಿದಳು.

“ಎಂಟಕ್ಕೇ ಬಂದು ಕೂತಿರಮ್ಮಾ. ಸಾಹೇಬರು ಬರೋದು ಹನ್ನೆರಡಾಗಬಹುದು, ಒಂದಾಗಬಹುದು. ಬೆಂಗಳೂರಿಂದ ಬರಬೇಕಲ್ವಾ, ಟ್ರಾಫಿಕ್ಕು, ದೂರ…”

“ದೂರ ಎಲ್ಲೈತಪ್ಪಾ? ಬೆಂಗಳೂರು ಇಲ್ಲೇ ಪಕ್ಕದಲ್ಲೇ ಐತಲ್ಲಾ” ಎಂದು ಅಜ್ಜಿ ಫೋನ್ ಕುಕ್ಕಿದಳು. ಮಗು ಫೋನನ್ನು ಎಳೆದುಕೊಂಡು ಬಾಯಿಗಿಟ್ಟುಕೊಂಡಿತು.